ಏರ್ ಫ್ರೈಯರ್‌ನಲ್ಲಿ ಕುರಿಮರಿ ಚಾಪ್ಸ್ ಒಣಗಿಹೋಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸ ಒಲೆ:
ಎಲ್ಲರಿಗೂ ನಮಸ್ಕಾರ. ಏರ್ ಫ್ರೈಯರ್ ತಂದು ಒಂದೂವರೆ ತಿಂಗಳಾಯಿತು. ಆಲೂಗಡ್ಡೆ, ಕೋಳಿ ಎಲ್ಲ ಚೆನ್ನಾಗಿಯೇ ಬಂತು. ಆ ಧೈರ್ಯದ ಮೇಲೆ ಮೊನ್ನೆ ಕುರಿಮರಿ ಚಾಪ್ಸ್ ಮಾಡಲು ಹೋದೆ. ಎಂಟು ತುಂಡು. ಹಿಂದಿನ ರಾತ್ರಿಯೇ ಮೊಸರು, ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ ಹಚ್ಚಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದ್ದ ಹಾಗೆ 180 ಡಿಗ್ರಿ, 20 ನಿಮಿಷ.

ತೆಗೆದು ನೋಡಿದರೆ ಮೇಲೆಲ್ಲ ಬೂದಿ ಬಣ್ಣ. ಬುಟ್ಟಿಯ ಕೆಳಗೆ ಕಲಕು ನೀರು ನಿಂತಿತ್ತು. ಒಳಗೆ ಒಣಕಲು, ಜಗಿದಷ್ಟೂ ಮುಗಿಯುತ್ತಿರಲಿಲ್ಲ. ಮೂಳೆ ಪಕ್ಕದ ತೆಳು ಭಾಗವಂತೂ ಕಡ್ಡಿಯ ಹಾಗಾಗಿತ್ತು. ಮನೆಯವರು ಯಾರೂ ಏನೂ ಅನ್ನಲಿಲ್ಲ, ಆದರೆ ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯಿತು. ನಿಜವಾಗಲೂ ಬೇಜಾರಾಯಿತು. ತಪ್ಪಿದ್ದು ಕಾವಿನಲ್ಲೋ, ಹೊತ್ತಿನಲ್ಲೋ, ಮಸಾಲೆಯಲ್ಲೋ? ಅಥವಾ ಈ ಯಂತ್ರವೇ ಇದಕ್ಕೆ ಸರಿಯಿಲ್ವಾ?

ಕಬ್ಬಿಣದ ಕಾವಲಿ:
ಬೇಜಾರು ಬೇಡ, ಇದು ಖಂಡಿತ ಸರಿಹೋಗುತ್ತದೆ. ಮೊದಲು ಸ್ವಲ್ಪ ವಿವರ ಕೊಡಿ. ಚಾಪ್ಸ್ ಅಂದರೆ ಯಾವುದು? ಉದ್ದ ಪಕ್ಕೆಲುಬಿನ ತುದಿಗೆ ದುಂಡಗೆ ಮಾಂಸ ಇರುವುದೋ, ಸೊಂಟದ ಕಡೆಯದೋ, ಭುಜದ್ದೋ? ದಪ್ಪ ಎಷ್ಟು? ಎಂಟೂ ಒಂದೇ ಸಲ ಹಾಕಿದಿರಾ? ಹಾಕುವ ಮುಂಚೆ ಮೊಸರು ಒರೆಸಿದಿರಾ?

ಹೊಸ ಒಲೆ:
ಪಕ್ಕೆಲುಬಿನದೇ. ಪೊಟ್ಟಣದ ಮೇಲೆ ಲ್ಯಾಂಬ್ ಕಟ್ಲೆಟ್ ಅಂತ ಬರೆದಿತ್ತು. ದಪ್ಪ 2 ಸೆಂಟಿಮೀಟರ್ ಇರಬಹುದು, ಒಂದೆರಡು ಅದಕ್ಕಿಂತ ತೆಳ್ಳಗಿದ್ದವು. ಎಂಟೂ ಒಟ್ಟಿಗೇ ಹಾಕಿದೆ, ಎರಡು ಮೂರು ಒಂದರ ಮೇಲೊಂದು ಕೂತಿದ್ದವು. ಮೊಸರು ಒರೆಸಲಿಲ್ಲ, ರುಚಿ ಹೋಗುತ್ತದೆ ಅಂದುಕೊಂಡೆ.

ಕಬ್ಬಿಣದ ಕಾವಲಿ:
ಹಾಗಾದರೆ ಯಂತ್ರದ್ದೇನೂ ತಪ್ಪಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಹೆಸರಲ್ಲಿ ಫ್ರೈಯರ್ ಇದ್ದರೂ ಅದರಲ್ಲಿ ಏನೂ ಕರಿಯುವುದಿಲ್ಲ. ಮೇಲೆ ಕಾಯುವ ಸುರುಳಿ, ಅದಕ್ಕೆ ಒಂದು ಫ್ಯಾನ್, ಅಷ್ಟೇ. ಫಿಲಿಪ್ಸ್ 2010ರಲ್ಲಿ ಆ ಹೆಸರಿಟ್ಟು ತಂದಿತು, ಹೆಸರು ನಿಂತುಬಿಟ್ಟಿತು. ಕೆಲಸ ನೋಡಿದರೆ ಅದು ಬಿಸಿಗಾಳಿಯನ್ನು ಜೋರಾಗಿ ಬೀಸುವ ಪುಟ್ಟ ಓವನ್. ಗಾಳಿ ತಾಗಿದ ಕಡೆ ಮಾತ್ರ ಬಣ್ಣ ಬರುತ್ತದೆ. ಒಂದರ ಮೇಲೊಂದು ಕೂತ ತುಂಡುಗಳ ನಡುವೆ ಗಾಳಿ ಹೋಗಲ್ಲ, ಅಲ್ಲಿ ಮಾಂಸ ತನ್ನದೇ ಹಬೆಯಲ್ಲಿ ಬೇಯುತ್ತದೆ. ನೀವು ನೋಡಿದ ಬೂದಿ ಬಣ್ಣ ಅದೇ.

ಎರಡನೆಯದು ನೀರು. ಮಾಂಸದ ಮೇಲೆ ನೀರಿನ ಪಸೆ ಇರುವಷ್ಟು ಹೊತ್ತು ಆ ಜಾಗ 100 ಡಿಗ್ರಿ ದಾಟುವುದೇ ಇಲ್ಲ. ಹುರಿದ ಬಣ್ಣ, ಹುರಿದ ಘಮ ಚುರುಕಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಮಯಾರ್ ಕ್ರಿಯೆ ಅನ್ನುತ್ತಾರೆ, ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದ್ದು. ನಿಮ್ಮ ಮೊಸರು ಒಣಗುವುದರೊಳಗೇ ಒಳಗಿನ ಮಾಂಸ ಬೆಂದು ಮುಗಿದಿತ್ತು. ಆಮೇಲಿನ ಅಷ್ಟೂ ನಿಮಿಷ ಅದು ಸುಮ್ನೆ ಒಣಗಿದ್ದು.

ಒಣಗುವುದು ಹೇಗೆ ಅಂದರೆ, ಒಳಗಿನ ಕಾವು 60 ಡಿಗ್ರಿ ದಾಟುತ್ತಿದ್ದ ಹಾಗೆ ಮಾಂಸದ ಎಳೆಗಳನ್ನು ಸುತ್ತಿದ ಪೊರೆ ಮುದುಡಲು ಶುರುವಾಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ರಸ ಹೊರಗೆ ಬರುತ್ತದೆ. 70 ದಾಟಿದರೆ ಬಹಳಷ್ಟು ರಸ ಹೋಗಿಬಿಟ್ಟಿರುತ್ತದೆ. ಬುಟ್ಟಿಯ ಕೆಳಗೆ ಕಂಡ ಕಲಕು ನೀರು ತುಂಡುಗಳ ಒಳಗೆ ಇರಬೇಕಾಗಿದ್ದದ್ದು. ಪಕ್ಕೆಲುಬಿನ ಮಾಂಸ ಹುಟ್ಟಾ ಮೆತ್ತಗಿನದು. ಅದನ್ನು ಬೇಯಿಸಿ ಮೆತ್ತಗೆ ಮಾಡಬೇಕಾಗಿಲ್ಲ, ಮೆತ್ತಗಿರುವುದನ್ನು ಕೆಡಿಸದಿದ್ದರೆ ಸಾಕು.

ನಾನು ಮಾಡುವ ರೀತಿ ಹೇಳುತ್ತೇನೆ. ತುಂಡುಗಳನ್ನು ಟಿಶ್ಯೂನಿಂದ ಒತ್ತಿ ಒತ್ತಿ ಒರೆಸುತ್ತೇನೆ, ಕಾಗದ ಒಣಗಿಯೇ ಬರುವ ತನಕ. ತೆಳ್ಳಗೆ ಎಣ್ಣೆ ಸವರುತ್ತೇನೆ. ಯಂತ್ರವನ್ನು 200 ಡಿಗ್ರಿಗೆ ಇಟ್ಟು 5 ನಿಮಿಷ ಖಾಲಿ ಕಾಯಿಸುತ್ತೇನೆ. ನಾಲ್ಕೇ ನಾಲ್ಕು ತುಂಡು, ಒಂದಕ್ಕೊಂದು ತಾಗದ ಹಾಗೆ. 2 ಸೆಂಟಿಮೀಟರ್ ದಪ್ಪಕ್ಕೆ 4 ನಿಮಿಷ, ತಿರುವಿ ಹಾಕಿ ಇನ್ನು 3 ನಿಮಿಷ. ಅಲ್ಲಿಗೆ ಥರ್ಮಾಮೀಟರ್ ಹಾಕಿ ನೋಡುತ್ತೇನೆ. 60 ಬಂದಿದ್ದರೆ ತೆಗೆಯುತ್ತೇನೆ, ಹೊರಗಿಟ್ಟ ಮೇಲೂ ಎರಡು ಮೂರು ಡಿಗ್ರಿ ಏರುತ್ತದೆ. 5 ನಿಮಿಷ ಬಿಟ್ಟು ತಿನ್ನಲು ಕೊಡುತ್ತೇನೆ. ಅಮೆರಿಕದ ಕೃಷಿ ಇಲಾಖೆ ಇಡಿಯ ತುಂಡಿನ ಮಾಂಸಕ್ಕೆ ಹೇಳುವುದು 63 ಡಿಗ್ರಿ ಮುಟ್ಟಿಸಿ 3 ನಿಮಿಷ ಬಿಡಿ ಅಂತ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಹಾಗೇ ಮಾಡಿ, ಆಗಲೂ ರಸ ಇರುತ್ತದೆ.

ನಿಮಿಷಗಳನ್ನು ಮಾತ್ರ ನಂಬಬೇಡಿ. ನನ್ನ ಯಂತ್ರದ 7 ನಿಮಿಷ ನಿಮ್ಮದರಲ್ಲಿ 6 ಆಗಬಹುದು, 9 ಆಗಬಹುದು. ಇಷ್ಟು ಸಣ್ಣ ತುಂಡಿಗೆ ಒಂದು ನಿಮಿಷ ತುಂಬಾ ದೊಡ್ಡದು.

ಹೊಸ ಒಲೆ:
ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಥರ್ಮಾಮೀಟರ್ ನನ್ನ ಹತ್ತಿರ ಇಲ್ಲ, ತರಲೇಬೇಕಾ? ಬೆರಳಲ್ಲಿ ಒತ್ತಿ ನೋಡಿದರೆ ಗೊತ್ತಾಗಲ್ವಾ?

ಕಬ್ಬಿಣದ ಕಾವಲಿ:
ಕೈ ಪಳಗಿದವರಿಗೆ ಗೊತ್ತಾಗುತ್ತದೆ. ಆದರೆ ಕೈ ಪಳಗುವಷ್ಟರಲ್ಲಿ ಎಷ್ಟು ತುಂಡು ಹಾಳಾಗುತ್ತದೋ! ತನ್ನಿ. ಚುಚ್ಚುವುದು ಮೇಲಿನಿಂದಲ್ಲ, ಪಕ್ಕದಿಂದ. ತುದಿ ಮಾಂಸದ ನಟ್ಟನಡುವೆ ನಿಲ್ಲಬೇಕು, ಮೂಳೆಗೆ ತಾಗಬಾರದು. ಮೂಳೆಗೆ ತಾಗಿದರೆ ಮಾಂಸದ ಕಾವು ಬಿಟ್ಟು ಮೂಳೆಯ ಕಾವು ತೋರಿಸುತ್ತದೆ.

ಬೆಳ್ಳುಳ್ಳಿ ಎಸಳು:
ಮಸಾಲೆ ಬಗ್ಗೆ ನಾನು ಹೇಳುತ್ತೇನೆ. ರಾತ್ರಿಯೆಲ್ಲ ನಿಂಬೆರಸದಲ್ಲಿ ಇಟ್ಟದ್ದು ಒಳ್ಳೆಯದಲ್ಲ. ಹುಳಿ ಜಾಸ್ತಿ ಹೊತ್ತು ಕೂತರೆ ಮಾಂಸದ ಹೊರಪದರ ಹಿಟ್ಟು ಹಿಟ್ಟಾಗುತ್ತದೆ. ಮೊಸರಿನ ಹುಳಿ ಮೆದುವಾದದ್ದು, ಪರವಾಗಿಲ್ಲ. ನಿಂಬೆಯನ್ನು ಕೊನೆಗೆ ತಟ್ಟೆಯಲ್ಲೇ ಹಿಂಡಿಕೊಳ್ಳಿ, ರುಚಿಯೂ ಅಲ್ಲೇ ಚೆನ್ನಾಗಿರುತ್ತದೆ. ಪಪ್ಪಾಯಿ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಈ ತುಂಡಿಗೆ ಬೇಡವೇ ಬೇಡ. ಅದರಲ್ಲಿರುವ ಪಪೇನ್ ಬಲಿತ ಮಾಂಸದ ಗಟ್ಟಿ ಎಳೆಗಳನ್ನು ಒಡೆಯಲು ಸರಿ. ಎಳೆ ಮಾಂಸವನ್ನು ಮುದ್ದೆ ಮಾಡಿಬಿಡುತ್ತದೆ.

ಇನ್ನು ಬೆಳ್ಳುಳ್ಳಿ. 200 ಡಿಗ್ರಿ ಗಾಳಿಗೆ ಜಜ್ಜಿದ ಬೆಳ್ಳುಳ್ಳಿ ಮಾಂಸಕ್ಕಿಂತ ಮೊದಲೇ ಕರಕಲಾಗಿ ಕಹಿಯಾಗುತ್ತದೆ. ನಾನು ಬೆಣ್ಣೆ ಕರಗಿಸಿ, ಅದರಲ್ಲಿ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಆಡಿಸಿ, ಚಾಪ್ಸ್ ಹೊರಗೆ ತೆಗೆದ ಮೇಲೆ ಸವರುತ್ತೇನೆ. ಜೇನು, ಸಕ್ಕರೆಗೂ ಇದೇ ಮಾತು, ಕೊನೆಯ ಒಂದು ನಿಮಿಷಕ್ಕೆ ಮಾತ್ರ. ಕಾಳುಮೆಣಸು, ಜೀರಿಗೆ ಪುಡಿ, ರೋಸ್‌ಮೇರಿ ಥರದ್ದನ್ನು ಎಣ್ಣೆಯಲ್ಲಿ ಕಲಸಿಯೇ ಹಚ್ಚಿ. ಒಣ ಎಲೆ ಹಾಗೇ ಉದುರಿಸಿದರೆ ಫ್ಯಾನ್ ಗಾಳಿಗೆ ಎಗರಿ ಸುರುಳಿಗೆ ಹೋಗಿ ಸುಡುತ್ತದೆ.

ಉಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಗಂಟೆ ಮುಂಚೆ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಡಿ. ಮೊದಲು ನೀರು ಮೇಲೆ ಬರುತ್ತದೆ, ಆಮೇಲೆ ಅದೇ ಉಪ್ಪುನೀರು ಒಳಗೆ ಹೋಗುತ್ತದೆ, ಮೇಲ್ಮೈ ಒಣಗುತ್ತದೆ. ಅಷ್ಟು ಹೊತ್ತು ಇಲ್ಲದಿದ್ದರೆ ಬುಟ್ಟಿಗೆ ಹಾಕುವ ಕ್ಷಣಕ್ಕೆ ಉಪ್ಪು ಹಾಕಿ. ಹತ್ತು ಹದಿನೈದು ನಿಮಿಷ ಮುಂಚೆ ಹಾಕುವುದು ಮಾತ್ರ ಬೇಡ, ನೀರೆಲ್ಲ ಮೇಲೆ ನಿಂತಿರುವ ಹೊತ್ತು ಅದೇ.

ಪುಟ್ಟ ಕುಡಿಕೆ:
ಈ ಚರ್ಚೆ ಓದುತ್ತಿದ್ದೆ, ನನ್ನದೂ ಒಂದು ಪ್ರಶ್ನೆ. ನನಗೆ ಸಿಗುವುದು ಭುಜದ ಚಾಪ್ಸ್. ಇದೇ 7 ನಿಮಿಷದ ಲೆಕ್ಕದಲ್ಲಿ ಮಾಡಿದೆ, ಹಲ್ಲಿಗೆ ಬಗ್ಗಲೇ ಇಲ್ಲ.

ಕಬ್ಬಿಣದ ಕಾವಲಿ:
ಬಗ್ಗಲ್ಲ, ಯಾಕೆಂದರೆ ಭುಜ ದುಡಿದ ಭಾಗ. ಅದರ ನಡುವೆ ಬಿಳಿ ಪೊರೆ, ನಾರು ಜಾಸ್ತಿ. ಆ ನಾರು ಕರಗಿ ಅಂಟಾಗಲು 70 ಡಿಗ್ರಿಗೆ ಮೇಲೆ ಬಹಳ ಹೊತ್ತು ಬೇಕು. ಬಿಸಿಗಾಳಿಯಲ್ಲಿ ಅಷ್ಟು ಹೊತ್ತು ಇಟ್ಟರೆ ಹೊರಗೆ ಒಣಗಿ ಸೌದೆಯಾಗುತ್ತದೆ. ಅದನ್ನು ಮುಚ್ಚಿದ ಪಾತ್ರೆಯಲ್ಲಿ ರಸದ ಜೊತೆ ನಿಧಾನವಾಗಿ ಬೇಯಿಸಿ. ಬೆಂದ ಮೇಲೆ ಒರೆಸಿ 200ರಲ್ಲಿ 4 ನಿಮಿಷ ಇಟ್ಟರೆ ಮೇಲೆ ಗರಿ ಬರುತ್ತದೆ. ಸೊಂಟದ ಚಾಪ್ಸ್ ಆದರೆ ಪಕ್ಕೆಲುಬಿನ ಹಾಗೇ ಮಾಡಬಹುದು, ಸಾಮಾನ್ಯವಾಗಿ ದಪ್ಪ ಇರುತ್ತದೆ, ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ.

ಪುಟ್ಟ ಕುಡಿಕೆ:
ಓ, ಹಾಗಾ! ಮೂರು ಸಲ ಅದೇ ತಪ್ಪು ಮಾಡಿದ್ದೆ. ಧನ್ಯವಾದ ಸರ್.

ಮಲ್ಲಿಗೆ ಬಳ್ಳಿ:
ನನಗೆ ಒಂದು ಹಿಂಜರಿಕೆ ಇದೆ. 60 ಡಿಗ್ರಿ ಅಂದರೆ ಒಳಗೆ ಗುಲಾಬಿ ಬಣ್ಣ ಉಳಿಯುತ್ತದೆ ಅಲ್ವಾ? ತಟ್ಟೆಗೆ ಕೆಂಪು ನೀರು ಇಳಿಯುತ್ತದೆ. ನಮ್ಮ ಅತ್ತೆ ಅದನ್ನು ನೋಡಿದರೆ ರಕ್ತ ಅಂತ ತಟ್ಟೆ ದೂಡಿಬಿಡುತ್ತಾರೆ. ಮನೆಯಲ್ಲಿ ನಾದಿನಿ ಬಸುರಿ ಬೇರೆ.

ಬೆಳ್ಳುಳ್ಳಿ ಎಸಳು:
ಅದು ರಕ್ತ ಅಲ್ಲ ಮೇಡಂ. ಮಾಂಸದೊಳಗಿನ ನೀರು, ಅದಕ್ಕೆ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್‌ನಿಂದ ಆ ಬಣ್ಣ. ಅತ್ತೆಯವರಿಗೆ ಹಾಗೆ ಹೇಳಿ ನೋಡಿ. ಆದರೆ ತಿನ್ನುವವರಿಗೆ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ.

ಬಸುರಿ ಹೆಂಗಸಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಪೂರ್ತಿ ಬೇಯಿಸಿ, ಗುಲಾಬಿ ಬಣ್ಣ ಸ್ವಲ್ಪವೂ ಇರಬಾರದು. ಸರಿಯಾಗಿ ಬೇಯದ ಕುರಿಮಾಂಸದಿಂದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ಬರುವ ಅಪಾಯ ಇದೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ವಯಸ್ಸಾದವರಿಗೆ, ತುಂಬಾ ಚಿಕ್ಕ ಮಕ್ಕಳಿಗೆ, ಕಾಯಿಲೆಯಿಂದ ಎದ್ದವರಿಗೂ ಪೂರ್ತಿ ಬೆಂದದ್ದೇ ಕೊಡಿ. ಒಂದೇ ಬುಟ್ಟಿಯಲ್ಲಿ ಎರಡೂ ಆಗುತ್ತದೆ. ಅವರ ತುಂಡುಗಳನ್ನು ಮೂರು ನಾಲ್ಕು ನಿಮಿಷ ಹೆಚ್ಚು ಬಿಟ್ಟು, ಥರ್ಮಾಮೀಟರ್‌ನಲ್ಲಿ 71 ದಾಟಿದ್ದು ನೋಡಿ ತೆಗೆಯಿರಿ. ಅವಕ್ಕೆ ಬೆಳ್ಳುಳ್ಳಿ ಬೆಣ್ಣೆ ಧಾರಾಳವಾಗಿ ಸವರಿ, ಒಣಕಲು ಅನ್ನಿಸಲ್ಲ.

ಮಲ್ಲಿಗೆ ಬಳ್ಳಿ:
ಇದು ಒಳ್ಳೆಯ ದಾರಿ. ಹಾಗೇ ಮಾಡುತ್ತೇನೆ.

ರಾತ್ರಿ ಪಾಳಿ:
ಹೊಗೆಯ ಬಗ್ಗೆ ಯಾರಾದರೂ ಹೇಳಿ. ಮೊದಲ ನಾಲ್ಕು ತುಂಡು ಚೆನ್ನಾಗಿ ಬಂತು. ಎರಡನೇ ಸರದಿಗೆ ಅಡುಗೆಮನೆ ತುಂಬಾ ಹೊಗೆ. ಪಕ್ಕದ ಮನೆಯವರು ಬಾಗಿಲು ತಟ್ಟಿದರು.

ಕಬ್ಬಿಣದ ಕಾವಲಿ:
ಮೊದಲ ಸರದಿಯ ಕೊಬ್ಬು ಕೆಳಗೆ ಬಿದ್ದು, ಎರಡನೇ ಸಲ ಅದೇ ಕಾದು ಹೊಗೆಯಾಗಿದ್ದು. ಕುರಿಮರಿಯಲ್ಲಿ ಅಂಚಿನ ಕೊಬ್ಬು ಜಾಸ್ತಿ. ಪ್ರತಿ ಸರದಿಗೂ ಕೆಳಗಿನ ಕೊಬ್ಬನ್ನು ಬಗ್ಗಿಸಿ ತೆಗೆಯಿರಿ. ಬುಟ್ಟಿಯ ಕೆಳಗಿನ ತಟ್ಟೆಗೆ ಎರಡು ಚಮಚ ನೀರು ಹಾಕಿದರೆ ಬಿದ್ದ ಕೊಬ್ಬು ಸುಡಲ್ಲ. ಜಾಸ್ತಿ ನೀರು ಬೇಡ, ಹಬೆ ಎದ್ದು ಮತ್ತೆ ಬೂದಿ ಬಣ್ಣವಾಗುತ್ತದೆ. ಬುಟ್ಟಿಗೆ ಕಾಗದ ಹಾಸುವ ಅಭ್ಯಾಸ ಇದ್ದರೆ ಇದಕ್ಕೆ ಬಿಡಿ. ಕೆಳಗಿನ ಗಾಳಿ ನಿಲ್ಲುತ್ತದೆ. ಖಾಲಿ ಕಾಯಿಸುವಾಗಲಂತೂ ಕಾಗದ ಒಳಗೆ ಇರಲೇಬಾರದು, ಹಾರಿ ಸುರುಳಿಗೆ ತಾಗಿದರೆ ಬೆಂಕಿ ಹಿಡಿಯುತ್ತದೆ.

ಹಳೇ ಸೌಟು:
ಒಂದು ಮಾತು, ಯಾರೂ ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಕಷ್ಟಕ್ಕಿಂತ ದಪ್ಪ ತಳದ ಕಬ್ಬಿಣದ ಬಾಣಲೆಯೇ ವಾಸಿ. ಕಾದ ಲೋಹಕ್ಕೆ ಮಾಂಸ ಅಂಟಿ ಕೂತಾಗ ಬರುವ ಕಂದು ಬಣ್ಣ ಗಾಳಿಯಿಂದ ಬರುವುದೇ ಇಲ್ಲ. ತುಂಡನ್ನು ಇಕ್ಕಳದಲ್ಲಿ ನಿಲ್ಲಿಸಿ ಹಿಡಿದು, ಕೊಬ್ಬಿನ ಅಂಚನ್ನು ಮೊದಲು ಕಾಯಿಸಿದರೆ ಅದು ಕರಗಿ ಗರಿಯಾಗುತ್ತದೆ. ಗಾಳಿ ಯಂತ್ರದಲ್ಲಿ ಆ ಕೊಬ್ಬು ಹಸಿ ಹಸಿಯಾಗಿ ಉಳಿದುಬಿಡುತ್ತದೆ, ತಿನ್ನುವವರು ಪಕ್ಕಕ್ಕೆ ತೆಗೆದಿಡುತ್ತಾರೆ.

ಕಬ್ಬಿಣದ ಕಾವಲಿ:
ಹಳೇ ಸೌಟು ಅವರೇ, ಬಣ್ಣದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಬಾಣಲೆಯ ಬಣ್ಣವೇ ಬೇರೆ, ನನ್ನ ಹೆಸರೇ ಅದನ್ನು ಹೇಳುತ್ತದೆ. ಆದರೆ ಕೊಬ್ಬಿನ ವಿಷಯದಲ್ಲಿ ಒಂದು ಉಪಾಯ ಕಂಡುಕೊಂಡಿದ್ದೇನೆ. ಇದರಲ್ಲಿ ಕಾವು ಬರುವುದು ಮೇಲಿನಿಂದ. ಹಾಗಾಗಿ ಕೊಬ್ಬಿನ ಅಂಚು ಮೇಲೆ ಬರುವ ಹಾಗೆ ತುಂಡುಗಳನ್ನು ಬುಟ್ಟಿಯ ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಅಂಚಿನಲ್ಲಿ ಚಾಕುವಿನಿಂದ ಎರಡು ಮೂರು ಗೀರು ಹಾಕಿರುತ್ತೇನೆ, ಮಾಂಸಕ್ಕೆ ತಾಗದ ಹಾಗೆ. ಮೊದಲ 2 ನಿಮಿಷ ಹಾಗೇ ನಿಂತಿರಬೇಕು. ಆಮೇಲೆ ಮಲಗಿಸಿ ಒಂದೊಂದು ಕಡೆ 3 ನಿಮಿಷ. ಗೀರುಗಳು ಬಾಯಿ ಬಿಟ್ಟು, ಅಂಚೆಲ್ಲ ಹೊಂಬಣ್ಣವಾಗುತ್ತದೆ.

ಕುರಿಮಾಂಸದ ಕವುಚು ವಾಸನೆ ಆಗದವರಿಗೂ ಇದು ಬೇಕು. ಆ ವಾಸನೆ ಬಹುಪಾಲು ಕೊಬ್ಬಿನಲ್ಲೇ ಇರುವುದು. ಕರಗಿ ಇಳಿದಷ್ಟೂ ವಾಸನೆ ಕಮ್ಮಿ. ತುಂಬಾ ದಪ್ಪ ಇದ್ದರೆ ಅರ್ಧ ಸೆಂಟಿಮೀಟರ್ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಪೂರ್ತಿ ತೆಗೆದುಬಿಟ್ಟರೆ ಕುರಿಮರಿಯ ರುಚಿಯೇ ಇರಲ್ಲ.

ಹಳೇ ಸೌಟು:
ನಿಲ್ಲಿಸಿ ಇಡುವುದು ನನಗೆ ಹೊಳೆದಿರಲಿಲ್ಲ. ಮಗಳ ಮನೆಯಲ್ಲಿ ಆ ಯಂತ್ರ ಇದೆ, ಮಾಡಿಸಿ ನೋಡುತ್ತೇನೆ.

ನೆಲ್ಲಿಕಾಯಿ:
ಮೇಲೆ ಲ್ಯಾಂಬ್ ಕಟ್ಲೆಟ್ ಅಂತ ಬರೆದದ್ದು ನೋಡಿ ನಾನು ಕೀಮಾ ಕಟ್ಲೆಟ್ ಇರಬೇಕು ಅಂತ ಬಂದೆ. ಕೊಚ್ಚಿದ ಮಾಂಸದ ಬಿಲ್ಲೆ ಮಾಡಿದರೂ 60 ಡಿಗ್ರಿಯೇನಾ?

ಬೆಳ್ಳುಳ್ಳಿ ಎಸಳು:
ಇಲ್ಲ ಇಲ್ಲ, ದಯವಿಟ್ಟು ಬೇಡ. ಎರಡಕ್ಕೂ ಕಟ್ಲೆಟ್ ಅನ್ನುವುದರಿಂದಲೇ ಈ ಗೊಂದಲ. ಇಡಿಯ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಇರುವುದು ಹೊರಮೈಯಲ್ಲಿ, ಅದು 200 ಡಿಗ್ರಿ ಗಾಳಿಗೆ ಸಾಯುತ್ತದೆ. ಕೊಚ್ಚಿದಾಗ ಹೊರಗಿನದೆಲ್ಲ ಒಳಗೆ ಬೆರೆತುಹೋಗುತ್ತದೆ. ಕೀಮಾ ಯಾವ ಆಕಾರದಲ್ಲಿ ಇದ್ದರೂ ನಡುವೆ 71 ಡಿಗ್ರಿ ಮುಟ್ಟಲೇಬೇಕು. 180ರಲ್ಲಿ ಮಾಡಿ, ತಿರುವಿ ಹಾಕಿ, ಅಳೆದು ತೆಗೆಯಿರಿ. ಕೀಮಾದಲ್ಲಿ ಕೊಬ್ಬು ಬೆರೆತಿರುತ್ತದೆ, ಅಷ್ಟು ಬೆಂದರೂ ಒಣಗಲ್ಲ.

ಹೊಸ ಒಲೆ:
ಇವತ್ತು ಮತ್ತೆ ಮಾಡಿದೆ! ಅದಕ್ಕೇ ಬರೆಯುತ್ತಿದ್ದೇನೆ, ಕೈ ಇನ್ನೂ ಜಿಡ್ಡು ಜಿಡ್ಡಾಗಿದೆ.

ಈ ಸಲ ಆರು ತುಂಡು ತಂದೆ, ಎಲ್ಲ ಒಂದೇ ದಪ್ಪ ಇರುವುದನ್ನು ಆರಿಸಿದೆ. ಮಧ್ಯಾಹ್ನವೇ ಉಪ್ಪು ಸವರಿ ತೆರೆದ ತಟ್ಟೆಯಲ್ಲಿ ಫ್ರಿಜ್‌ನಲ್ಲಿ ಇಟ್ಟೆ. ಒಂದು ಗಂಟೆ ಬಿಟ್ಟು ಮುಟ್ಟಿದರೆ ಮೇಲ್ಮೈ ಅಂಟಂಟಾಗಿ, ಒಣ ಒಣ. ಆದರೂ ಟಿಶ್ಯೂನಲ್ಲಿ ಒತ್ತಿದೆ. ಎಣ್ಣೆಯಲ್ಲಿ ಕಾಳುಮೆಣಸು, ಜೀರಿಗೆ ಕಲಸಿ ಹಚ್ಚಿದೆ. ಕೊಬ್ಬಿಗೆ ಗೀರು ಹಾಕಿ ಮೂರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಒಂದು ಜಾರಿ ಬಿತ್ತು, ಮೂಳೆಯನ್ನು ಇನ್ನೊಂದರ ಮೂಳೆಗೆ ಸಿಕ್ಕಿಸಿದ ಮೇಲೆ ನಿಂತಿತು.

ಒಂದೂವರೆ ನಿಮಿಷಕ್ಕೆ ಒಳಗಿಂದ ಚಿಟಪಟ ಸದ್ದು ಶುರುವಾಯಿತು. ಕಳೆದ ಸಲ ಈ ಸದ್ದು ಒಂದು ಸಲವೂ ಬಂದಿರಲಿಲ್ಲ. ಮಲಗಿಸಲು ತೆಗೆದಾಗ ಅಂಚಿನ ಗೀರುಗಳು ಬಿಚ್ಚಿಕೊಂಡು, ತುದಿಗಳು ಹೊಂಬಣ್ಣಕ್ಕೆ ತಿರುಗಿದ್ದವು. 3 ನಿಮಿಷ, ತಿರುವಿ 2 ನಿಮಿಷ. ಥರ್ಮಾಮೀಟರ್ ಪಕ್ಕದಿಂದ ಚುಚ್ಚಿದೆ. ಅಂಕಿ ಸರಸರ ಏರಿ 54ಕ್ಕೆ ನಿಂತಿತು. ಮತ್ತೆ ಒಳಗಿಟ್ಟೆ. ಒಂದೇ ನಿಮಿಷಕ್ಕೆ 61! ಒಂದು ನಿಮಿಷ ತುಂಬಾ ದೊಡ್ಡದು ಅಂದದ್ದು ಆಗ ಅರ್ಥವಾಯಿತು. ಅಂದರೆ ನನ್ನ ಯಂತ್ರದಲ್ಲಿ ನಿಂತ 2 ನಿಮಿಷ ಸೇರಿ ಒಟ್ಟು 8.

ಎರಡನೇ ಸರದಿ ಬೇಯುವಷ್ಟರಲ್ಲಿ ಮೊದಲ ಮೂರು ತಟ್ಟೆಯಲ್ಲಿ ಕೂತಿದ್ದವು. ಕತ್ತರಿಸಿದಾಗ ಹೊರಗೆ ತೆಳ್ಳನೆ ಕಂದು ಗೆರೆ, ಒಳಗೆಲ್ಲ ಒಂದೇ ಸಮ ಗುಲಾಬಿ. ರಸ ಚಾಕುವಿಗೆ ಅಂಟಿತೇ ಹೊರತು ತಟ್ಟೆಗೆ ಹರಿಯಲಿಲ್ಲ. ನನ್ನ ಮಗ ಮೂಳೆಯನ್ನು ಕೈಯಲ್ಲಿ ಹಿಡಿದು ಕೊನೆಯ ಚೂರಿನವರೆಗೂ ಕಚ್ಚಿ ತಿಂದ. ಕಳೆದ ಸಲ ಮುಕ್ಕಾಲು ಬಿಟ್ಟು ಎದ್ದಿದ್ದವನು ಅವನೇ. ಕಾವಲಿ ಸರ್, ಎಸಳು ಅಕ್ಕ, ನಿಮ್ಮಿಬ್ಬರಿಗೂ ಮನಸಾರೆ ಧನ್ಯವಾದ.

ಒಂದೇ ಕೊರತೆ. ಮೊದಲು ಮಾಡಿದ ಮೂರರ ಕೊಬ್ಬು ತಿನ್ನುವಷ್ಟರಲ್ಲಿ ಮೇಣದ ಹಾಗೆ ತುಟಿಗೆ ಅಂಟುತ್ತಿತ್ತು. ಯಾಕೆ ಹೀಗೆ? ಎರಡು ತುಂಡು ಉಳಿದಿದೆ, ನಾಳೆ ಬಿಸಿ ಮಾಡಬಹುದಾ?

ಬೆಳ್ಳುಳ್ಳಿ ಎಸಳು:
ಓದಿ ತುಂಬಾ ಖುಷಿಯಾಯಿತು! ಕುರಿ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ, ತಣ್ಣನೆ ತಟ್ಟೆ ತಾಗಿದರೆ ಸಾಕು. ತಟ್ಟೆಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಇಟ್ಟುಕೊಳ್ಳಿ. ಮೊದಲ ಸರದಿಯನ್ನು ಬಡಿಸುವ ಮುಂಚೆ ಅರ್ಧ ನಿಮಿಷ ಮತ್ತೆ ಬುಟ್ಟಿಗೆ ಹಾಕಿದರೂ ಸರಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮುಚ್ಚಿಡಿ. ಮೂರು ದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ 74 ಡಿಗ್ರಿ ಮುಟ್ಟಿಸಬೇಕು, ಗುಲಾಬಿ ಬಣ್ಣ ಹೋಗಿಯೇ ಹೋಗುತ್ತದೆ. ಸ್ವಲ್ಪ ಬೆಣ್ಣೆ ಸವರಿ 160ರಲ್ಲಿ ಇಡಿ, ಆಗಾಗ ಅಳೆಯುತ್ತಿರಿ.

ರಾತ್ರಿ ಪಾಳಿ:
ಹಾಗೇ ಬುಟ್ಟಿ ತೊಳೆಯುವುದನ್ನೂ ಹೇಳಿಬಿಡಿ ಅಕ್ಕ. ನನ್ನ ಸಿಂಕ್ ಕಟ್ಟಿಕೊಂಡಿದೆ.

ಬೆಳ್ಳುಳ್ಳಿ ಎಸಳು:
ಬಿಸಿ ಕೊಬ್ಬನ್ನು ಸಿಂಕ್‌ಗೆ ಸುರಿಯಲೇಬಾರದು, ಪೈಪ್ ಒಳಗೆ ಗಟ್ಟಿಯಾಗುತ್ತದೆ. ಕೆಳಗಿನ ತಟ್ಟೆಯಲ್ಲೇ ಆರಲು ಬಿಡಿ. ಬಿಳಿ ಹಾಳೆಯ ಹಾಗೆ ಕಟ್ಟಿಕೊಳ್ಳುತ್ತದೆ. ಮರದ ಚಮಚದಲ್ಲಿ ಕೆರೆದು ಕಾಗದಕ್ಕೆ ಸುತ್ತಿ ಕಸಕ್ಕೆ ಹಾಕಿ. ಆಮೇಲೆ ಬಿಸಿನೀರು, ಸೋಪು, ಮೆತ್ತನೆ ಸ್ಪಂಜು. ತಂತಿ ಉಜ್ಜು ಬೇಡ, ಬುಟ್ಟಿಯ ಲೇಪ ಕಿತ್ತುಹೋಗುತ್ತದೆ. ಮೇಲಿನ ಸುರುಳಿಗೂ ಕೊಬ್ಬು ಸಿಡಿದಿರುತ್ತದೆ. ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ, ಯಂತ್ರವನ್ನು ತಲೆಕೆಳಗು ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದಿನ ಸಲ ಹೊಗೆ ಅರ್ಧ ಕಮ್ಮಿಯಾಗುತ್ತದೆ.